ರಿಮೋಟ್ ಯಾರ ಕೈಗೆ?

ಕರಾವಳಿಯ ಎಷ್ಟೋ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ಮಾತುಕತೆ ನಡೆಯುತ್ತದೆ. ಮಗ ದುಬೈಯಲ್ಲೋ ದಮ್ಮಾಮ್‌ನಲ್ಲೋ ಇರುತ್ತಾನೆ. ತಾಯಿ ಇಲ್ಲಿ ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ರಿಮೋಟ್ ಹಿಡಿದು ಟಿವಿಯ ಮುಂದೆ ನಿಂತಿರುತ್ತಾರೆ.

"ಉಮ್ಮಾ, ಕೆಂಪು ಬಟನ್ ಒತ್ತಿ."

"ಎರಡು ರಿಮೋಟಿನಲ್ಲೂ ಕೆಂಪು ಬಟನ್ ಇದೆಯಲ್ಲ ಮಗಾ, ಯಾವುದು?"

"ದೊಡ್ಡದು. ಅಲ್ಲ, ಸಣ್ಣದು. ಈಗ ಏನು ಕಾಣುತ್ತದೆ?"

"ನೀಲಿ ಕಾಣುತ್ತದೆ. ಏನೋ ಇಂಗ್ಲಿಷಿನಲ್ಲಿ ಬರೆದಿದೆ."

ಕೊನೆಗೆ ಪಕ್ಕದ ಮನೆಯ ಏಳನೇ ತರಗತಿಯ ಹುಡುಗ ಬಂದು, ಎರಡು ಗುಂಡಿ ಒತ್ತಿ, ಚಿತ್ರ ತರಿಸಿ ಹೋಗುತ್ತಾನೆ. "ನನಗೆ ಇದೆಲ್ಲ ತಿಳಿಯುವುದಿಲ್ಲ, ನಾನು ಓದಿದವಳಲ್ಲ" ಎಂದು ತಾಯಿ ನಾಚಿಕೊಳ್ಳುತ್ತಾರೆ. ಆ ನಾಚಿಕೆಯ ಬಗ್ಗೆ ನಾವು ಇಲ್ಲಿ ಬರೆಯಲು ಹೊರಟಿದ್ದೇವೆ. ಏಕೆಂದರೆ ತಪ್ಪು ಅವರದ್ದಲ್ಲ. ಆದರೂ ನಾಚಿಕೆ ಅವರ ಪಾಲಿಗೆ ಬಂದಿದೆ. ಒಬ್ಬರ ತಪ್ಪಿಗೆ ಇನ್ನೊಬ್ಬರು ನಾಚುವಂತಾದರೆ ಅದು ತಂತ್ರಜ್ಞಾನದ ಪ್ರಶ್ನೆ ಮಾತ್ರವಾಗಿ ಉಳಿಯುವುದಿಲ್ಲ, ನೈತಿಕ ಪ್ರಶ್ನೆಯೂ ಆಗುತ್ತದೆ.

ಟಿವಿಯೇ ಬೇಡ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರೊಂದಿಗಿನ ಚರ್ಚೆ ಬೇರೆ. ಟಿವಿ ಮನೆಗೆ ಬಂದಾಗಿದೆ. ಬಂದ ಮೇಲೆ ಅದನ್ನು ಆರಿಸುವ, ದನಿ ತಗ್ಗಿಸುವ, ಬೇಡದ್ದನ್ನು ದಾಟುವ ಅಧಿಕಾರ ಮನೆಯ ಎಲ್ಲರಿಗೂ ಇದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಆರಿಸಲು ಬಾರದವರಿಗೆ ಸಂಯಮವನ್ನು ಬೋಧಿಸುವುದರಲ್ಲಿ ಅರ್ಥವಿಲ್ಲ.

ರಿಮೋಟ್ ಹುಟ್ಟಿದ್ದೇ ನೋಡುಗನ ಕೈಗೆ ಇಂತಹ ಅಧಿಕಾರ ಕೊಡುವುದಕ್ಕಾಗಿ ಎಂಬುದು ಇಂದು ಹಲವರಿಗೆ ತಿಳಿದಿಲ್ಲ. ಅಮೆರಿಕದ ಜೆನಿತ್ ಕಂಪೆನಿಯ ಮುಖ್ಯಸ್ಥ ಯೂಜಿನ್ ಮೆಕ್‌ಡೊನಾಲ್ಡ್‌ಗೆ ಜಾಹೀರಾತುಗಳೆಂದರೆ ಆಗುತ್ತಿರಲಿಲ್ಲ. ಕುಳಿತಲ್ಲಿಂದಲೇ ಅವುಗಳ ಬಾಯಿ ಮುಚ್ಚಿಸುವ ಸಾಧನ ಬೇಕೆಂದು ಅವರು ತಮ್ಮ ಇಂಜಿನಿಯರುಗಳಿಗೆ ಹೇಳಿದ್ದರು. 1950ರಲ್ಲಿ ಬಂದ ಮೊದಲ ರಿಮೋಟಿಗೆ ಉದ್ದನೆಯ ತಂತಿಯಿತ್ತು. ಮನೆಯವರು ಅದಕ್ಕೆ ಎಡವಿ ಬೀಳುತ್ತಿದ್ದರು. 1955ರಲ್ಲಿ ಯೂಜಿನ್ ಪೊಲಿ ಎಂಬ ಇಂಜಿನಿಯರ್ ಬೆಳಕಿನಿಂದ ಕೆಲಸ ಮಾಡುವ ರಿಮೋಟ್ ಮಾಡಿದರು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳಿದ್ದವು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೆ ಚಾನೆಲ್ ತಾನಾಗಿಯೇ ಬದಲಾಗಿಬಿಡುತ್ತಿತ್ತು.

1956ರಲ್ಲಿ ರಾಬರ್ಟ್ ಆಡ್ಲರ್ ಇದಕ್ಕೆ ಬೇರೆ ದಾರಿ ಕಂಡುಹಿಡಿದರು. ಅವರ ರಿಮೋಟಿನೊಳಗೆ ಅಲ್ಯುಮಿನಿಯಂ ಸರಳುಗಳಿದ್ದವು. ಗುಂಡಿ ಒತ್ತಿದಾಗ ಪುಟ್ಟ ಸುತ್ತಿಗೆಯೊಂದು ಸರಳಿಗೆ ಬಡಿಯುತ್ತಿತ್ತು. ಅದರಿಂದ ಹೊರಡುವ, ಮನುಷ್ಯನ ಕಿವಿಗೆ ಕೇಳಿಸದ ಶಬ್ದವನ್ನು ಟಿವಿ ಗುರುತಿಸುತ್ತಿತ್ತು. ಇದರಲ್ಲಿ ಬ್ಯಾಟರಿಯೇ ಇರಲಿಲ್ಲ. ಬ್ಯಾಟರಿ ಬೇಡ ಎಂಬ ತೀರ್ಮಾನದ ಹಿಂದೆ ಒಂದು ಕಾರಣವಿತ್ತು. ಬ್ಯಾಟರಿ ಮುಗಿದಾಗ ಗಿರಾಕಿ ಟಿವಿಯೇ ಕೆಟ್ಟಿತೆಂದು ತಿಳಿದು ಕಂಗಾಲಾಗುತ್ತಾನೆ ಎಂದು ಮಾರಾಟ ವಿಭಾಗದವರು ಹೇಳಿದ್ದರು. ಅದರಲ್ಲಿ ಅವರ ವ್ಯಾಪಾರದ ಹಿತವೂ ಇತ್ತು, ನಿಜ. ಆದರೆ ಬಳಸುವವನು ಎಲ್ಲಿ ಗೊಂದಲಕ್ಕೆ ಬೀಳಬಹುದು ಎಂದು ಮುಂಚಿತವಾಗಿ ಯೋಚಿಸಿ, ಗೊಂದಲದ ಹೊರೆಯನ್ನು ತಾವು ಹೊತ್ತುಕೊಂಡರು. ಆ ರಿಮೋಟಿನಿಂದಾಗಿ ಟಿವಿಯೊಳಗೆ ಇನ್ನೂ ಆರು ವಾಲ್ವ್‌ಗಳನ್ನು ಕೂರಿಸಬೇಕಾಯಿತು. ಟಿವಿಯ ಬೆಲೆಯೂ ಏರಿತು. ಕಷ್ಟವನ್ನು ಯಂತ್ರದೊಳಗೆ ಇಟ್ಟು ಸುಲಭವನ್ನು ಮನುಷ್ಯನ ಕೈಗೆ ಕೊಟ್ಟರು.

ನಂತರದ ದಶಕಗಳಲ್ಲಿ ಇದು ತಲೆಕೆಳಗಾಯಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳ ತಂತ್ರ ಬಂದ ಮೇಲೆ ರಿಮೋಟಿನಲ್ಲಿ ಹೊಸ ಗುಂಡಿ ಸೇರಿಸುವುದಕ್ಕೆ ಹೆಚ್ಚು ಖರ್ಚೇ ಇಲ್ಲವಾಯಿತು. ಪ್ರತಿ ಗುಂಡಿಗೂ ಒಂದು ಸಂಕೇತ ಕೊಟ್ಟರಾಯಿತು. ಇಂಜಿನಿಯರಿಗೆ ಹೊಳೆದ ಪ್ರತಿಯೊಂದು ಸೌಲಭ್ಯಕ್ಕೂ ಒಂದು ಗುಂಡಿ ಬಂತು. ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರಿತು. 2012ರಿಂದ 2017ರವರೆಗೆ ಹಂತಹಂತವಾಗಿ ಕೇಬಲ್ ಟಿವಿಯನ್ನು ಡಿಜಿಟಲ್ ಮಾಡಲಾಯಿತು. ಬೆಂಗಳೂರು ಮತ್ತು ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವಿತ್ತು. ಆ ಬಳಿಕ ಸಣ್ಣ ಊರುಗಳ ಮನೆಗಳಿಗೂ ಸೆಟ್‌ಟಾಪ್ ಬಾಕ್ಸ್ ಬಂತು. ಹಾಗೆ ಒಂದು ರಿಮೋಟ್ ಇದ್ದಲ್ಲಿ ಎರಡಾದವು.

ಎರಡು ರಿಮೋಟ್ ಎಂದರೆ ಏನೆಂದು ಸ್ವಲ್ಪ ಬಿಡಿಸಿ ನೋಡೋಣ. ಮುಂದಿರುವುದು ಒಂದೇ ಪರದೆ. ನೋಡುವವರ ಮನಸ್ಸಿನಲ್ಲಿ ಅದು ಒಂದೇ ವಸ್ತು. ಆದರೆ ಒಳಗಿರುವುದು ಎರಡು ಯಂತ್ರ. ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯುವುದಿಲ್ಲ. ಬಾಕ್ಸ್ ಆರಿಸಿದರೆ ಟಿವಿ ಆರುವುದಿಲ್ಲ, ಸಿಗ್ನಲ್ ಇಲ್ಲ ಎಂದು ಬರೆದುಕೊಂಡು ಎಚ್ಚರವಾಗಿಯೇ ಇರುತ್ತದೆ. ದನಿ ಎರಡು ಕಡೆಯಿಂದಲೂ ಏರುತ್ತದೆ, ಎರಡು ಕಡೆಯಿಂದಲೂ ಇಳಿಯುತ್ತದೆ. ಬೆರಳು ತಪ್ಪಿ 'ಸೋರ್ಸ್' ಎಂಬ ಗುಂಡಿಗೆ ತಾಗಿದರೆ ಎಲ್ಲ ಚಾನೆಲ್‌ಗಳೂ ಒಮ್ಮೆಗೇ ಮಾಯ. ಮರಳಿ ಬರುವ ದಾರಿ ಯಾವುದೆಂದು ಆ ಗುಂಡಿಯ ಮೇಲೆ ಬರೆದಿಲ್ಲ. ನಮ್ಮ ಮನೆಗೆ ಈವರೆಗೆ ಬಂದ ಯಾವ ರಿಮೋಟಿನ ಮೇಲೂ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಎರಡರಲ್ಲೂ ಸೇರಿ ಎಷ್ಟು ಗುಂಡಿಗಳಿವೆ ಎಂದು ಒಂದು ದಿನ ಎಣಿಸಿದೆವು. ಎಂಬತ್ತಮೂರು. ಮನೆಯ ಎಲ್ಲರೂ ಸೇರಿ ಬಳಸುತ್ತಿದ್ದುದು ಹದಿನೈದಕ್ಕಿಂತ ಹೆಚ್ಚಿಲ್ಲ.

ವಸ್ತುವನ್ನು ಬಳಸಲು ಬಾರದಿದ್ದರೆ ಜನರು ತಮ್ಮನ್ನೇ ಹಳಿದುಕೊಳ್ಳುತ್ತಾರೆ ಎಂದು ಅಮೆರಿಕದ ಚಿಂತಕ ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ತೋರಿಸಿದರು. ತಳ್ಳಬೇಕಾದ ಬಾಗಿಲನ್ನು ಎಳೆಯುವವನು ದಡ್ಡನಲ್ಲ. ಎಳೆಯಬೇಕೆಂದು ತೋರುವಂತೆ ಹಿಡಿ ಇಟ್ಟವನದು ತಪ್ಪು ಎಂಬುದು ಅವರ ವಾದದ ಸಾರ. ಇದು ಸರಳವಾದ ಮಾತು. ಆದರೆ ಹೊಣೆಯನ್ನು ದುರ್ಬಲನ ಹೆಗಲಿನಿಂದ ಇಳಿಸಿ ಬಲಶಾಲಿಯ ಹೆಗಲಿಗೆ ಏರಿಸುವ ಮಾತು.

ನಮಗೆ ಈ ಮಾತು ಹೊಸದೇ? ಪ್ರವಾದಿವರ್ಯರ(ಸ) ಜೀವನದ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಮುಆದ್ ಇಬ್ನು ಜಬಲ್(ರ) ತಮ್ಮ ಜನರಿಗೆ ಇಮಾಮರಾಗಿ ನಿಂತು ಬಹಳ ದೀರ್ಘವಾದ ಅಧ್ಯಾಯವನ್ನು ಓದತೊಡಗಿದರು. ದಿನವಿಡೀ ದುಡಿದು ದಣಿದಿದ್ದ ಒಬ್ಬ ವ್ಯಕ್ತಿ ತಾಳಲಾರದೆ ಹಿಂದೆ ಸರಿದು, ಒಂಟಿಯಾಗಿ ನಮಾಝ್ ಮುಗಿಸಿ ಹೋದ. ವಿಷಯ ಪ್ರವಾದಿಯವರಿಗೆ(ಸ) ತಲುಪಿತು. ಅವರು ಹೋದವನನ್ನು ಗದರಿಸಲಿಲ್ಲ. ಗದರಿಸಿದ್ದು ಮುಆದ್‌ರನ್ನು. ಹಿಂದೆ ನಿಂತವರಲ್ಲಿ ಮುದುಕರಿರುತ್ತಾರೆ, ಬಲಹೀನರಿರುತ್ತಾರೆ, ಕೆಲಸದ ಅವಸರ ಇರುವವರಿರುತ್ತಾರೆ ಎಂಬುದನ್ನು ನೆನಪಿಸಿದರು. ಮುಆದ್(ರ) ಮಾಡಿದ್ದು ಕೆಟ್ಟ ಕೆಲಸವಲ್ಲ, ಆರಾಧನೆ. ಆದರೂ ಅದರ ಅಳತೆಯನ್ನು ಅತ್ಯಂತ ಶಕ್ತನನ್ನು ನೋಡಿ ಅಲ್ಲ, ಅತ್ಯಂತ ದುರ್ಬಲನನ್ನು ನೋಡಿ ನಿರ್ಧರಿಸಬೇಕೆಂದು ಕಲಿಸಲಾಯಿತು. ಆರಾಧನೆಗೇ ಈ ನಿಯಮವಿದ್ದರೆ ಒಂದು ಪ್ಲಾಸ್ಟಿಕ್ ಉಪಕರಣಕ್ಕೆ ಇರಬಾರದೇ?

ನಮ್ಮ ಕುಶಲಕರ್ಮಿಗಳ ಪರಂಪರೆಯಲ್ಲೂ ಇದರ ಉದಾಹರಣೆಗಳಿವೆ. ದಿಯಾರ್‌ಬಕ್ರ್ ಪ್ರದೇಶದಲ್ಲಿ ಅರ್ತೂಕಿ ಅರಸರ ಆಶ್ರಯದಲ್ಲಿದ್ದ ಅಲ್ ಜಝರಿ 1206ರಲ್ಲಿ ಯಂತ್ರಗಳ ಕುರಿತ ತಮ್ಮ ಗ್ರಂಥವನ್ನು ಮುಗಿಸಿದರು. ವುಝೂ ಮಾಡುವಾಗ ಸೇವಕನೋ ದಾಸಿಯೋ ತನ್ನ ಕೈಗೆ ನೀರು ಸುರಿಯುವುದು ಅರಸನಿಗೆ ಇಷ್ಟವಿರಲಿಲ್ಲ. ತಾನಾಗಿಯೇ ನೀರು ಸುರಿಯುವ ಸಾಧನ ಬೇಕೆಂದು ಆತ ಕೇಳಿದ. ಅಲ್ ಜಝರಿ ಮಾಡಿಕೊಟ್ಟರು. ಇನ್ನೊಬ್ಬರನ್ನು ಕರೆಯದೆ, ಕಾಯದೆ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಬೇಕೆಂಬ ಆಸೆ ಅರಸನಿಗೂ ಇರುತ್ತದೆ, ನಮ್ಮ ಅಜ್ಜಿಗೂ ಇರುತ್ತದೆ. ಪಕ್ಕದ ಮನೆಯ ಹುಡುಗನಿಗಾಗಿ ಅರ್ಧ ಗಂಟೆ ಕಾಯುವ ಅಜ್ಜಿ ಕಳೆದುಕೊಳ್ಳುವುದು ಅದನ್ನೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಎಲ್ಲರಿಗೂ ಅಜ್ಜಿಯ ರಿಮೋಟನ್ನೇ ಕೊಟ್ಟರೆ ಉಳಿದವರ ಗತಿ ಏನು? ಉಪಶೀರ್ಷಿಕೆ ಬೇಕೆನ್ನುವವರು, ಭಾಷೆ ಬದಲಿಸಬೇಕೆನ್ನುವವರು, ಮೊಬೈಲಿನ ಚಿತ್ರವನ್ನು ಪರದೆಗೆ ತರಬೇಕೆನ್ನುವವರು ಇದ್ದಾರಲ್ಲ? ಆಕ್ಷೇಪದಲ್ಲಿ ಹುರುಳಿದೆ. ಅದನ್ನು ನಾವು ಪುಸ್ತಕ ಓದಿ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆವು.

ಕೆಲವು ವರ್ಷಗಳ ಹಿಂದೆ ಉಮ್ಮ ಪದೇ ಪದೇ ತಪ್ಪು ಗುಂಡಿ ಒತ್ತುತ್ತಾರೆಂದು ನಾವು ಒಂದು ಉಪಾಯ ಮಾಡಿದೆವು. ಕಪ್ಪು ಇನ್ಸುಲೇಷನ್ ಟೇಪು ತಂದು ಎರಡು ರಿಮೋಟುಗಳಲ್ಲೂ ಐದೈದು ಗುಂಡಿಗಳನ್ನು ಬಿಟ್ಟು ಉಳಿದ ಎಲ್ಲವನ್ನೂ ಮುಚ್ಚಿದೆವು. ಸುಲಭವಾಯಿತಲ್ಲ ಎಂದು ಹೆಮ್ಮೆಪಟ್ಟೆವು. ಬಂದವರಿಗೆಲ್ಲ ತೋರಿಸಿದೆವು. ಉಮ್ಮ ಏನೂ ಹೇಳಲಿಲ್ಲ. ಅವರು ಏನೂ ಹೇಳಲಿಲ್ಲ ಎಂಬುದನ್ನು ಒಪ್ಪಿಗೆ ಎಂದೇ ತಿಳಿದೆವು.

ರಮಝಾನ್ ಬಂತು. ಸ್ಥಳೀಯ ಕೇಬಲ್ ಚಾನೆಲ್‌ನಲ್ಲಿ ಮಧ್ಯಾಹ್ನ ಪ್ರವಚನವಿತ್ತು. ಅದರ ಸಂಖ್ಯೆ ಮೂರಂಕಿಯದು. ಉಮ್ಮನಿಗೆ ಓದಲು ಬಾರದಿದ್ದರೂ ಅಂಕಿ ಬರುತ್ತದೆ. ಪ್ರತಿ ವರ್ಷ ಅವರು ಆ ಮೂರು ಅಂಕಿಗಳನ್ನು ತಾವೇ ಒತ್ತಿ ನೋಡುತ್ತಿದ್ದರು. ನಮಗೆ ಅದು ಗೊತ್ತೇ ಇರಲಿಲ್ಲ. ಮಧ್ಯಾಹ್ನ ನಾವು ಮನೆಯಲ್ಲಿ ಇರುತ್ತಿರಲಿಲ್ಲ. ಅಂಕಿಗಳ ಮೇಲೆ ಟೇಪು ಹಾಕಿದ್ದೆವು. ಚಾನೆಲ್ ಏರಿಸುವ ಗುಂಡಿಯನ್ನು ನೂರಾರು ಸಲ ಒತ್ತಿ ಅಲ್ಲಿಗೆ ತಲುಪುವಷ್ಟರಲ್ಲಿ ಪ್ರವಚನ ಮುಗಿದಿರುತ್ತಿತ್ತು. ಮೂರನೆಯ ದಿನ ಸಂಜೆ ಇಫ್ತಾರ್ ಆದ ಮೇಲೆ ಅವರು ರಿಮೋಟನ್ನು ನಮ್ಮ ಮುಂದೆ ಇಟ್ಟು ಹೇಳಿದರು: "ನನಗೆ ಬರುತ್ತಿದ್ದುದನ್ನೂ ಮುಚ್ಚಿದಿರಿ. ಮೊದಲು ಒಂದು ಮಾತು ಕೇಳಬಹುದಿತ್ತು."

ನಾವು ಸರಳತೆಯನ್ನು ಕೊಟ್ಟಿದ್ದೇವೆಂದು ತಿಳಿದಿದ್ದೆವು. ಕೊಟ್ಟದ್ದು ನಿರ್ಬಂಧವನ್ನು. ಇವೆರಡರ ನಡುವಿನ ಅಂತರವೇ ಈ ಪ್ರಶ್ನೆಯ ತಿರುಳು. ಎಂಬತ್ತಮೂರು ಗುಂಡಿ ಇಟ್ಟ ಕಂಪೆನಿಯೂ ಅವರನ್ನು ಕೇಳಲಿಲ್ಲ, ಎಪ್ಪತ್ತಮೂರನ್ನು ಮುಚ್ಚಿದ ಮಕ್ಕಳೂ ಕೇಳಲಿಲ್ಲ. ಕಂಪೆನಿ ಅವರನ್ನು ಮರೆತಿತ್ತು. ನಾವು ಅವರನ್ನು ನೆನೆದೂ ಅವರ ಪರವಾಗಿ ನಾವೇ ತೀರ್ಮಾನಿಸಿದ್ದೆವು. ಪ್ರೀತಿಯಿಂದ ಮಾಡಿದ ಅನ್ಯಾಯವೂ ಅನ್ಯಾಯವೇ.

ಕುರ್‌ಆನಿನ 80ನೇ ಅಧ್ಯಾಯ 'ಅಬಸ'ದ ಹಿನ್ನೆಲೆ ನಮಗೆಲ್ಲ ತಿಳಿದಿದೆ. ಪ್ರವಾದಿಯವರು(ಸ) ಕುರೈಶ್ ನಾಯಕರೊಂದಿಗೆ ಮಾತನಾಡುತ್ತಿದ್ದಾಗ ಕುರುಡರಾದ ಇಬ್ನು ಉಮ್ಮಿ ಮಕ್ತೂಮ್(ರ) ಬಂದು ತಮಗೆ ಕಲಿಸಬೇಕೆಂದು ಕೇಳಿದರು. ಪ್ರವಾದಿಯವರು(ಸ) ಮುಖ ತಿರುಗಿಸಿದರು. ಅದರ ಬಗ್ಗೆ ಅಲ್ಲಾಹನಿಂದಲೇ ಆಕ್ಷೇಪ ಬಂತು. ಈ ಘಟನೆಯಿಂದ ಅನುಕಂಪದ ಪಾಠವನ್ನು ಮಾತ್ರ ತೆಗೆಯುವುದು ಸಾಲದು. ಆ ಕುರುಡರು ಬಂದದ್ದು ಸಹಾಯಧನಕ್ಕಲ್ಲ, ಜ್ಞಾನಕ್ಕೆ. ಮುಂದೆ ಅವರು ಮದೀನಾದಲ್ಲಿ ಅದಾನ್ ಕೊಡುವವರಾದರು. ಪ್ರವಾದಿಯವರು(ಸ) ಊರಿನಲ್ಲಿ ಇಲ್ಲದಾಗ ಅವರ ಪರವಾಗಿ ನಮಾಝಿಗೆ ನೇತೃತ್ವ ನೀಡುವ ಹೊಣೆಯನ್ನೂ ಹೊತ್ತರು. ದುರ್ಬಲನೆಂದು ನಾವು ತಿಳಿದವನಿಗೆ ಕೊಡಬೇಕಾದದ್ದು ಸಣ್ಣ ಪಾಲನ್ನಲ್ಲ, ಪೂರ್ಣ ಪಾಲನ್ನು. ಅವನಿಗೆ ತಲುಪುವ ದಾರಿಯಲ್ಲಿ ಕೊಡಬೇಕು ಎಂಬುದಷ್ಟೇ ವ್ಯತ್ಯಾಸ.

ಒಳ್ಳೆಯ ವಿನ್ಯಾಸದ ಜಗತ್ತೂ ಇದೇ ತೀರ್ಮಾನಕ್ಕೆ ಬಂದಿದೆ. ಅಮೆರಿಕದ ಸ್ಯಾಮ್ ಫಾರ್ಬರ್ ಎಂಬವರ ಪತ್ನಿಗೆ ಸಂಧಿವಾತವಿತ್ತು. ತರಕಾರಿ ಸಿಪ್ಪೆ ತೆಗೆಯುವ ಸಾಧನವನ್ನು ಹಿಡಿಯಲು ಅವರು ಕಷ್ಟಪಡುತ್ತಿದ್ದರು. ಅದನ್ನು ಕಂಡು 1990ರಲ್ಲಿ ದಪ್ಪ, ಮೆದುವಾದ ಹಿಡಿಯುಳ್ಳ ಸಾಧನವನ್ನು ಮಾರುಕಟ್ಟೆಗೆ ತಂದರು. ನೋವಿಲ್ಲದವರೂ ಅದನ್ನೇ ಇಷ್ಟಪಟ್ಟರು. ಇನ್ನೊಂದು ಉದಾಹರಣೆ ನಮ್ಮೆಲ್ಲರ ಕೈಯಲ್ಲಿದೆ. ಟೆಲಿಫೋನಿನ ಅಂಕಿಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಹಲವು ಬಗೆಯ ಜೋಡಣೆಗಳನ್ನು ಮನುಷ್ಯರ ಕೈಗೆ ಕೊಟ್ಟು ಪರೀಕ್ಷಿಸಿದ್ದರು. ಆ ಅಧ್ಯಯನ 1960ರಲ್ಲಿ ಪ್ರಕಟವಾಯಿತು. ಕೇಳಿ ಮಾಡಿದ್ದು ಇಷ್ಟು ಕಾಲ ಉಳಿದಿದೆ. 5ರ ಗುಂಡಿಯ ಮೇಲಿರುವ ಪುಟ್ಟ ಉಬ್ಬನ್ನು ಒಮ್ಮೆ ಮುಟ್ಟಿ ನೋಡಿ. ಕಣ್ಣು ಕಾಣದವರ ಬೆರಳಿಗೆ ಅದು ದಾರಿದೀಪ. ಕತ್ತಲೆಯ ಕೋಣೆಯಲ್ಲಿ ಕಣ್ಣಿದ್ದವರಿಗೂ ಅದೇ ದಾರಿದೀಪ.

ಹಾಗಾದರೆ ಮನುಷ್ಯರಿಗಾಗಿ ಮಾಡಿದ ರಿಮೋಟ್ ಹೇಗಿರಬೇಕು? ದಿನವೂ ಬೇಕಾಗುವ ನಾಲ್ಕೈದು ಗುಂಡಿಗಳು ದೊಡ್ಡದಾಗಿ, ದೂರದೂರವಾಗಿ ಇರಲಿ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಬೆರಳು ಅಲ್ಲಿಗೆ ತಲುಪಲು ಹೆಚ್ಚು ಸಮಯ ಬೇಕೆಂದು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ನಡುಗುವ ಬೆರಳಿಗೆ ಈ ಲೆಕ್ಕ ಇನ್ನೂ ಕಠಿಣ. ದನಿಯ ಗುಂಡಿಗೂ ಚಾನೆಲ್‌ನ ಗುಂಡಿಗೂ ಆಕಾರದಲ್ಲೇ ವ್ಯತ್ಯಾಸವಿರಲಿ, ನೋಡದೆ ಮುಟ್ಟಿದರೂ ತಿಳಿಯಲಿ. ಅಪರೂಪಕ್ಕೆ ಬೇಕಾಗುವವು ಒಂದು ಮುಚ್ಚಳದ ಕೆಳಗಿರಲಿ. ಮುಚ್ಚಳ ತೆರೆಯುವ ಅಧಿಕಾರ ಮಾತ್ರ ಎಲ್ಲರಿಗೂ ಇರಲಿ. ಅಕ್ಷರಗಳು ಆ ನಾಡಿನ ಭಾಷೆಯಲ್ಲಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿಗೇ ದಾರಿ ತಪ್ಪಿದರೂ ಹೊರಟಲ್ಲಿಗೆ ಮರಳಿಸುವ ಒಂದು ಗುಂಡಿ ಇರಲಿ. ತಪ್ಪಲು ಹೆದರುವವನು ಏನನ್ನೂ ಕಲಿಯುವುದಿಲ್ಲ. ತೌಬಾ ಎಂಬ ಪದದ ಮೂಲ ಅರ್ಥವೇ ಮರಳುವುದು. ಮನುಷ್ಯ ತಪ್ಪುತ್ತಾನೆ ಎಂದು ತಿಳಿದೇ ಸೃಷ್ಟಿಕರ್ತನು ಮರಳುವ ಬಾಗಿಲನ್ನು ತೆರೆದಿಟ್ಟಿದ್ದಾನೆ. ಮನುಷ್ಯ ಮಾಡಿದ ಯಂತ್ರ ಮಾತ್ರ ಒಂದು ತಪ್ಪು ಬೆರಳಿಗೆ ಬಾಗಿಲು ಮುಚ್ಚಿಬಿಡುವುದು ಎಂತಹ ಅಹಂಕಾರ!

ಇತ್ತೀಚಿನ ಸ್ಮಾರ್ಟ್ ಟಿವಿಗಳಲ್ಲಿ ಗುಂಡಿಗಳು ಕಡಿಮೆಯಾಗಿವೆ, ಸಮಸ್ಯೆ ತೀರಿತಲ್ಲ ಎಂದು ಕೆಲವರು ಹೇಳಬಹುದು. ಗುಂಡಿ ಕಡಿಮೆಯಾಗಿದೆ ನಿಜ. ತೊಡಕು ಪರದೆಯೊಳಗಿನ ಮೆನುವಿಗೆ ಸ್ಥಳಾಂತರವಾಗಿದೆ. ಬಾಯಿಯಿಂದ ಹೇಳಿದರೆ ಸಾಕು ಎನ್ನುತ್ತಾರೆ. ಬ್ಯಾರಿ, ತುಳು, ಕೊಂಕಣಿಗಳಲ್ಲಿ ಮಾತನಾಡುವ ಅಜ್ಜಿ ಅದಕ್ಕೆ ಯಾವ ಭಾಷೆಯಲ್ಲಿ ಹೇಳಬೇಕು? ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ ಉಳಿದ ಕೆಲವೇ ಗುಂಡಿಗಳಲ್ಲಿ ಮೂರು ನಾಲ್ಕು ಚಿತ್ರ ತೋರಿಸುವ ಕಂಪೆನಿಗಳ ಹೆಸರು ಹೊತ್ತಿವೆ. ನೆಟ್‌ಫ್ಲಿಕ್ಸ್ ತನ್ನ ಹೆಸರಿನ ಗುಂಡಿಯನ್ನು 2011ರಲ್ಲಿ ಪ್ರಕಟಿಸಿದ ಬಳಿಕ ಇದು ರೂಢಿಯಾಯಿತು. ರಿಮೋಟಿನ ಮೇಲಿನ ಜಾಗವೇ ಈಗ ಮಾರಾಟದ ಸರಕು. ಜಾಹೀರಾತಿನ ಬಾಯಿ ಮುಚ್ಚಿಸಲು ಹುಟ್ಟಿದ ಸಾಧನದ ಮೈಮೇಲೆಯೇ ಜಾಹೀರಾತು ಅಚ್ಚಾಗಿದೆ. 2017ರಲ್ಲಿ ವಿಝಿಯೊ ಎಂಬ ಕಂಪೆನಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ತೆರಬೇಕಾಗಿ ಬಂತು. 1.1 ಕೋಟಿ ಟಿವಿಗಳಲ್ಲಿ ಜನರು ಏನು ನೋಡುತ್ತಾರೆಂಬುದನ್ನು ಅವರ ಒಪ್ಪಿಗೆ ಇಲ್ಲದೆ ಸಂಗ್ರಹಿಸಿತ್ತೆಂಬುದು ಅಲ್ಲಿನ ವಾಣಿಜ್ಯ ಆಯೋಗವೇ ಹೂಡಿದ ಮೊಕದ್ದಮೆಯ ಆರೋಪವಾಗಿತ್ತು. ನಾವು ಟಿವಿ ನೋಡುತ್ತಿದ್ದೇವೆಂದು ತಿಳಿದಿದ್ದರೆ ಟಿವಿ ನಮ್ಮನ್ನು ನೋಡುತ್ತಿತ್ತು. ಹಾಗಾಗಿ ಸುಲಭ ಎಂಬ ಮಾತು ಕೇಳಿದ ಕೂಡಲೇ ಯಾರಿಗೆ ಸುಲಭ, ಏತಕ್ಕೆ ಸುಲಭ ಎಂದು ಕೇಳುವ ಅಭ್ಯಾಸ ಬೇಕು. ನೋಡತೊಡಗಲು ಒಂದೇ ಗುಂಡಿ, ನಿಲ್ಲಿಸಲು ಐದು ಮೆನು ಎಂದಾದರೆ ಅದು ಸೌಲಭ್ಯವಲ್ಲ, ಬಲೆ.

ಇದೆಲ್ಲ ಸಣ್ಣ ವಿಷಯ ಎನಿಸಿದರೆ ಒಂದು ಸಾವನ್ನು ನೆನಪಿಸಬೇಕಾಗುತ್ತದೆ. ಕೆಲವು ಪುಟ್ಟ ರಿಮೋಟುಗಳಲ್ಲಿ ನಾಣ್ಯದಂತಹ ಬಟನ್ ಬ್ಯಾಟರಿ ಇರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಒಂದೂವರೆ ವರ್ಷದ ಮಗುವೊಂದು ರಿಮೋಟಿನಿಂದ ಹೊರಬಿದ್ದ ಅಂತಹ ಬ್ಯಾಟರಿಯನ್ನು ನುಂಗಿ ತೀರಿಕೊಂಡಿತು. ಬ್ಯಾಟರಿಯ ಮುಚ್ಚಳ ಮಗುವಿನ ಕೈಗೆ ತೆರೆಯದಂತೆ ಇರಬೇಕೆಂಬ ಕಾನೂನು ಅಲ್ಲಿ ಬಂದದ್ದು 2022ರಲ್ಲಿ. ಒಂದು ಮುಚ್ಚಳ, ಒಂದು ಸ್ಕ್ರೂ. ಅದನ್ನು ಹಾಕಬೇಕೆಂದು ಯಾರಿಗಾದರೂ ಮೊದಲೇ ಹೊಳೆಯಬೇಕಿತ್ತು. ವಸ್ತುವನ್ನು ಮಾಡುವುದೆಂದರೆ ಕಾಣದ ಮನೆಯೊಂದರ ಅಮಾನತ್ತನ್ನು ಹೊರುವುದು.

ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಎಲ್ಲರೂ ಬಳಸಬಹುದಾದ ಗ್ರಾಹಕ ವಸ್ತುಗಳ ತಯಾರಿಕೆಗೆ ಸರಕಾರ ಉತ್ತೇಜನ ನೀಡಬೇಕೆಂದು ತನ್ನ 43ನೇ ಕಲಮಿನಲ್ಲಿ ಹೇಳುತ್ತದೆ. ಕಲಮು ಪುಸ್ತಕದಲ್ಲಿದೆ. ಅಂಗಡಿಯಲ್ಲಿ ಟಿವಿ ಕೊಳ್ಳುವಾಗ ಪರದೆ ಎಷ್ಟು ಇಂಚು ಎಂದು ನಾವು ಕೇಳುತ್ತೇವೆ. ರಿಮೋಟನ್ನು ಕೈಯಲ್ಲಿ ಹಿಡಿದು, ಇದನ್ನು ನಮ್ಮ ಮನೆಯ ಹಿರಿಯರು ಬಳಸಬಲ್ಲರೇ ಎಂದು ಕೇಳಿದವರನ್ನು ನಾವು ಕಂಡಿಲ್ಲ. ಕೇಳುವವರಿಲ್ಲದಿದ್ದರೆ ಮಾಡುವವರೂ ಇರುವುದಿಲ್ಲ.

ಇನ್ನು ಯಂತ್ರ ಸುಧಾರಿಸುವವರೆಗೆ ನಮ್ಮ ಪಾಲಿನ ಕೆಲಸವೊಂದಿದೆ. ವೃದ್ಧರಾದ ತಂದೆತಾಯಿಯರ ಮುಂದೆ ಬೇಸರದ ಒಂದು ಉದ್ಗಾರವನ್ನೂ ಎತ್ತಬಾರದೆಂದು ಕುರ್‌ಆನ್ ಕಲಿಸುತ್ತದೆ. ಆ ಉದ್ಗಾರ ಇಂದು ಎಲ್ಲಿ ಹೆಚ್ಚು ಕೇಳಿಸುತ್ತದೆ? ಅವರು ಅನ್ನ ಕೇಳಿದಾಗ ಅಲ್ಲ, ಔಷಧ ಕೇಳಿದಾಗಲೂ ಅಲ್ಲ. "ಇದು ಮತ್ತೆ ಹೋಯಿತು, ಸ್ವಲ್ಪ ನೋಡು" ಎಂದು ರಿಮೋಟನ್ನೋ ಮೊಬೈಲನ್ನೋ ನಮ್ಮ ಮುಂದೆ ಚಾಚಿದಾಗ. ನಾವು ಮಾತನಾಡದಿರಬಹುದು. ಆದರೆ ಅವರ ಕೈಯಿಂದ ಅದನ್ನು ಕಿತ್ತುಕೊಳ್ಳುವ ರೀತಿಯಲ್ಲೇ ಆ ಉದ್ಗಾರ ಇರುತ್ತದೆ. ನಮಗೆ ಅಕ್ಷರ ಕಲಿಸಲು, ಚಪ್ಪಲಿ ಹಾಕಲು ಕಲಿಸಲು ಅವರು ಎಷ್ಟು ಸಲ ಅದೇ ಮಾತನ್ನು ಹೇಳಿದ್ದರೆಂದು ಎಣಿಸಿದವರಾರು?

ಆ ಸಂಜೆ ನಾವು ಟೇಪು ಕಿತ್ತೆವು. ಉಮ್ಮನ ಪಕ್ಕದಲ್ಲಿ ಕುಳಿತು, ನಿಮಗೆ ಏನೇನು ಬೇಕು ಎಂದು ಕೇಳಿದೆವು. ಅವರು ಬಾಕ್ಸಿನ ರಿಮೋಟಿಗೆ ಒಂದು ಕೆಂಪು ದಾರ ಕಟ್ಟಿದರು. ಟಿವಿಯದಕ್ಕೆ ಏನೂ ಬೇಡ ಎಂದರು. ಎರಡು ಗುಂಡಿಗಳ ಮೇಲೆ ಸಾಸಿವೆ ಕಾಳಿನಷ್ಟು ಅಂಟು ಹಚ್ಚಲು ಹೇಳಿದರು. ಒಂದು ಆರಿಸುವುದಕ್ಕೆ, ಇನ್ನೊಂದು ದಾರಿ ತಪ್ಪಿದಾಗ ಒತ್ತುವುದಕ್ಕೆ. ಟೇಪು ಹಚ್ಚಿಟ್ಟದ್ದು ಒಂದೇ ಒಂದು ಗುಂಡಿಗೆ, ಆ 'ಸೋರ್ಸ್' ಎಂಬುದಕ್ಕೆ. ಅದನ್ನೂ ಅವರೇ ಹೇಳಿದ್ದು. ಹತ್ತು ನಿಮಿಷದ ಕೆಲಸ. ಮರುದಿನ ಮಧ್ಯಾಹ್ನ ಪ್ರವಚನದ ಹೊತ್ತಿಗೆ ಪಕ್ಕದ ಮನೆಯ ಹುಡುಗನನ್ನು ಕರೆಯಬೇಕಾಗಲಿಲ್ಲ.